ಮಕ್ಕಳ ಕಟಕಟೆಯಲ್ಲಿ ನಿಂತ ವೈದ್ಯ

ಪೋಲೆಂಡ್ ದೇಶದ ರಾಜಧಾನಿಯಾದ ವಾರ್ಸಾ ನಗರದಲ್ಲಿ ಕ್ರೊಖ್ಮಾಲ್ನಾ ಎಂಬುದೊಂದು ಬೀದಿ. ಕೂಲಿಕಾರರೂ ಸಣ್ಣ ವ್ಯಾಪಾರಿಗಳೂ ಕಿಕ್ಕಿರಿದು ವಾಸಿಸುತ್ತಿದ್ದ ಆ ಬೀದಿಯ ೯೨ನೆಯ ನಂಬರಿನ ಮನೆಯಲ್ಲಿ, ಎರಡು ಮಹಾಯುದ್ಧಗಳ ನಡುವಣ ಕಾಲದಲ್ಲಿ, ವಾರಕ್ಕೊಮ್ಮೆ ಒಂದು ನ್ಯಾಯಾಲಯ ಕೂಡುತ್ತಿತ್ತು. ಐವರು ನ್ಯಾಯಾಧೀಶರು; ಐವರೂ ಮಕ್ಕಳು. ಫಿರ್ಯಾದಿಗಳು ಮಕ್ಕಳು, ಆರೋಪಿಗಳೂ ಬಹುಮಟ್ಟಿಗೆ ಮಕ್ಕಳೇ. ಆದರೆ ಒಮ್ಮೊಮ್ಮೆ ಆರೋಪಿಯ ಸ್ಥಾನಕ್ಕೆ ಬೋಳುತಲೆಯ, ಗಡ್ಡದ, ದುಂಡು ಕನ್ನಡಕದ ವ್ಯಕ್ತಿಯೊಬ್ಬ ಬರುತ್ತಿದ್ದ. ಹುಡುಗನೊಬ್ಬನ ಕಿವಿಯ ಮೇಲೆ ಬಾರಿಸಿದೆನೆಂದು ತನ್ನ ಮೇಲೆ ತಾನೇ ಮೊಕದ್ದಮೆ ಹೂಡಿಕೊಂಡು ತೀರ್ಪಿಗಾಗಿ ಕಾಯುತ್ತಿದ್ದ. ಆ ಮನೆಯ ಯಜಮಾನ ಆತನೇ. ಹೆಸರು ಯಾನುಷ್ ಕೋರ್ಚಾಕ್.

ಕನ್ನಡ ರಾಜ್ಯೋತ್ಸವದ ಸಂಚಿಕೆಯಲ್ಲಿ ಪೋಲೆಂಡಿನ ವೈದ್ಯನೊಬ್ಬನ ಕಥೆ ಏತಕ್ಕೆಂದು ಯಾರಾದರೂ ಕೇಳಬಹುದು. ಮಕ್ಕಳಿರುವ ಮನೆಗೆ ಇಂಥವನ ಕಥೆ ಪರದೇಶದ್ದಲ್ಲ ಎಂಬುದೇ ಅದಕ್ಕೆ ಉತ್ತರ. ಮಾತು ಕೇಳದ ಮಗು, ಸುಳ್ಳು ಹೇಳುವ ಮಗು, ಕೈಗೆ ಸಿಕ್ಕಿದ್ದನ್ನು ಎಸೆಯುವ ಮಗು ಯಾವ ದೇಶದಲ್ಲಿಲ್ಲ? ಅಂಥ ಮಗುವಿನ ಮುಂದೆ ಕೈಯೆತ್ತದೆ ನಿಲ್ಲುವುದು ಹೇಗೆಂದು ಒಂದು ಜನ್ಮವಿಡೀ ಯೋಚಿಸಿದವನು ಈತ. ಯೋಚಿಸಿ ಸುಮ್ಮನಾಗದೆ, ನೂರು ಮಕ್ಕಳ ನಡುವೆ ಮೂವತ್ತು ವರ್ಷ ಬದುಕಿ ತೋರಿಸಿದವನು.

ಕೋರ್ಚಾಕನ ನಿಜವಾದ ಹೆಸರು ಹೆನ್ರಿಕ್ ಗೋಲ್ಡ್‌ಶ್ಮಿತ್. ಹುಟ್ಟಿದ್ದು ವಾರ್ಸಾದಲ್ಲಿ, ಜುಲೈ ೨೨ರಂದು. ವರ್ಷ ಮಾತ್ರ ೧೮೭೮ ಅಥವಾ ೧೮೭೯. ಜನನವನ್ನು ತಂದೆ ಸಕಾಲದಲ್ಲಿ ದಾಖಲೆ ಮಾಡಿಸದಿದ್ದುದರಿಂದ ಆ ಸಂದೇಹ ಕಡೆಯವರೆಗೂ ಉಳಿಯಿತು. ಮನೆತನ ಯಹೂದಿಗಳದು, ಮನೆಮಾತು ಪೋಲಿಷ್. ತಂದೆ ಹೆಸರಾಂತ ವಕೀಲ. ಮನೆಯಲ್ಲಿ ಯಾವುದಕ್ಕೂ ಕೊರತೆಯಿರಲಿಲ್ಲ. ಆ ಕಾಲದಲ್ಲಿ ವಾರ್ಸಾ ನಗರ ರಷ್ಯದ ಚಕ್ರವರ್ತಿಯ ಆಳ್ವಿಕೆಗೆ ಒಳಪಟ್ಟಿತ್ತು. ಶಾಲೆಗಳಲ್ಲಿ ರಷ್ಯನ್ ಭಾಷೆ, ಬೆತ್ತದ ಶಿಸ್ತು. ಹೆನ್ರಿಕ್ ಮೊದಲು ಸೇರಿದ ಶಾಲೆಯಲ್ಲಿ ಹುಡುಗನೊಬ್ಬನನ್ನು ಎಲ್ಲರೆದುರಿಗೆ ಮಲಗಿಸಿ ಹೊಡೆದುದನ್ನು ಆತ ಕಂಡ. ಏಟು ಬಿದ್ದುದು ಮತ್ತೊಬ್ಬನಿಗೆ, ನಡುಗಿದವನು ಈತ. ಕೆಲವು ತಿಂಗಳುಗಳಲ್ಲಿಯೇ ತಂದೆತಾಯಿಗಳು ಮಗನನ್ನು ಆ ಶಾಲೆಯಿಂದ ಬಿಡಿಸಬೇಕಾಯಿತು. ಮುಪ್ಪಿನಲ್ಲಿಯೂ ಆತ ಆ ದೃಶ್ಯವನ್ನು ಮರೆತಿರಲಿಲ್ಲ.

ಹುಡುಗನಿಗೆ ಹನ್ನೊಂದು ಹನ್ನೆರಡು ವರ್ಷವಾಗುವ ಹೊತ್ತಿಗೆ ತಂದೆಯ ಬುದ್ಧಿ ಕದಡಿತು. ಆಸ್ಪತ್ರೆಯ ಖರ್ಚಿಗೆ ಮನೆಯ ವಸ್ತುಗಳು ಒಂದೊಂದಾಗಿ ಮಾರಾಟವಾದವು. ೧೮೯೬ರಲ್ಲಿ ತಂದೆ ತೀರಿಕೊಂಡಾಗ ಸಂಸಾರಕ್ಕೆ ಆಧಾರವಾಗಿ ಉಳಿದದ್ದು, ಇನ್ನೂ ಓದುತ್ತಿದ್ದ ಮಗ ಮನೆಪಾಠ ಹೇಳಿ ತರುತ್ತಿದ್ದ ಹಣ. ಸಿರಿವಂತರ ಮನೆಯ ಹಟಮಾರಿ ಮಕ್ಕಳಿಗೆ ಪಾಠ ಹೇಳುತ್ತ ಹೇಳುತ್ತ, ಮಕ್ಕಳನ್ನು ಗೆಲ್ಲುವ ಬಗೆಯನ್ನು ಆತ ಮೊದಲಿಗೆ ಕಲಿತದ್ದು ಆಗಲೇ. ೧೮೯೮ರಲ್ಲಿ ವೈದ್ಯವಿದ್ಯೆಗೆ ಸೇರಿದ. ಅದೇ ವರ್ಷ ನಾಟಕ ಸ್ಪರ್ಧೆಯೊಂದಕ್ಕೆ ಕಳುಹಿಸಿದ ಕೃತಿಗೆ, ಹಳೆಯ ಪೋಲಿಷ್ ಕಾದಂಬರಿಯೊಂದರ ಪಾತ್ರದಿಂದ ತೆಗೆದುಕೊಂಡ ಹೆಸರನ್ನು ಹಾಕಿದ. ಹೆನ್ರಿಕ್ ಗೋಲ್ಡ್‌ಶ್ಮಿತ್ ಲೋಕಕ್ಕೆ ಯಾನುಷ್ ಕೋರ್ಚಾಕ್ ಆದುದು ಹೀಗೆ.

ವೈದ್ಯ ವಿದ್ಯಾರ್ಥಿಯಾಗಿದ್ದಾಗಲೇ, ೧೯೦೪ರ ಬೇಸಗೆಯಲ್ಲಿ, ವಾರ್ಸಾದ ಬಡ ಹುಡುಗರಿಗಾಗಿ ಹಳ್ಳಿಗಾಡಿನಲ್ಲಿ ನಡೆಸುತ್ತಿದ್ದ ಶಿಬಿರಕ್ಕೆ ಕೋರ್ಚಾಕ್ ಮೇಲ್ವಿಚಾರಕನಾಗಿ ಹೋದ. ಆಟದ ಸಾಮಾನುಗಳನ್ನು ಹೊಂದಿಸಿಕೊಂಡ. ಹಾಡು, ಕಥೆ, ಕುಣಿತಗಳ ಕನಸು ಕಟ್ಟಿಕೊಂಡ. ಹೊರಟುದೊಂದು, ಆದುದು ಮತ್ತೊಂದು. ಯಾರು ಎಲ್ಲಿ ಕೂರಬೇಕು, ಯಾರು ಯಾವ ಹಾಸಿಗೆಯಲ್ಲಿ ಮಲಗಬೇಕು ಎಂಬುದನ್ನೇ ಆತ ಮೊದಲು ಯೋಚಿಸಿರಲಿಲ್ಲ. ನೂಕುನುಗ್ಗಲಾಯಿತು, ಬಡಿದಾಟವಾಯಿತು. ರಾತ್ರಿ ಮಲಗುವ ಮನೆಯಲ್ಲಿ ಸಿಳ್ಳು, ಕೂಗು, ಗಲಭೆ. ಪ್ರೀತಿಯಿಂದಲೇ ಎಲ್ಲವನ್ನೂ ಗೆಲ್ಲುವೆನೆಂದು ಬಂದಿದ್ದ ತರುಣ ಕಡೆಗೆ ಗದರಿಸಿದ, ಹೆದರಿಸಿದ. ಮಕ್ಕಳು ಅಡಗಿದರು, ಆದರೆ ಅದು ತನ್ನ ಸೋಲೆಂದು ಆತನಿಗೆ ತಿಳಿಯಿತು.

ಮುಂದೆ ತನ್ನ ಪುಸ್ತಕದಲ್ಲಿ ಕೋರ್ಚಾಕ್ ಈ ಸೋಲನ್ನು ಮುಚ್ಚಿಡದೆ ಬರೆದಿದ್ದಾನೆ. ಮಕ್ಕಳ ಮೇಲೆ ಪ್ರೀತಿ ಇದ್ದರೆ ಸಾಲದು. ಆ ಪ್ರೀತಿಗೊಂದು ಏರ್ಪಾಡು ಬೇಕು. ಹಾಸಿಗೆ ಯಾವುದೆಂದು ಗೊತ್ತಿಲ್ಲದ ಹುಡುಗ ಜಗಳವಾಡುವುದು ಕೆಟ್ಟತನದಿಂದಲ್ಲ, ಜಾಗವಿಲ್ಲವೆಂಬ ಭಯದಿಂದ. ಅಲ್ಲದೆ ಮಕ್ಕಳಿಗೆ ಹೇಳುವುದು ಬೇರೆ, ಮಕ್ಕಳೊಡನೆ ಮಾತನಾಡುವುದು ಬೇರೆ ಎಂಬುದನ್ನೂ ಆ ಶಿಬಿರಗಳೇ ಆತನಿಗೆ ಕಲಿಸಿದುವು. ಕಾಡಿನ ಮರಗಳ ಕೆಳಗೆ ಹುಡುಗರನ್ನು ಕೂರಿಸಿಕೊಂಡು, ಏನು ಮಾಡೋಣ ಹೇಳಿ ಎಂದು ಕೇಳಿದ ದಿನ ತನ್ನ ನಿಜವಾದ ವಿದ್ಯಾಭ್ಯಾಸ ಮೊದಲಾಯಿತೆಂದು ಆತ ನಂಬಿದ್ದ.

೧೯೦೫ರಲ್ಲಿ ಕೋರ್ಚಾಕ್ ವೈದ್ಯನಾದ. ಒಡನೆಯೇ ರಷ್ಯ–ಜಪಾನ್ ಯುದ್ಧಕ್ಕೆ ಸೇನೆಯ ವೈದ್ಯನಾಗಿ ಹೋಗಬೇಕಾಯಿತು. ಹಿಂದಿರುಗಿ ಬಂದು ವಾರ್ಸಾದ ಮಕ್ಕಳ ಆಸ್ಪತ್ರೆಯೊಂದರಲ್ಲಿ ಕೆಲಸ ಮುಂದುವರಿಸಿದ. ಉಳ್ಳವರಿಂದ ಕೈತುಂಬ ಫೀಜು ತೆಗೆದುಕೊಳ್ಳುವುದು, ಇಲ್ಲದವರನ್ನು ಪುಕ್ಕಟೆಯಾಗಿ ನೋಡುವುದು ಆತನ ಪದ್ಧತಿ. ಬರ್ಲಿನ್, ಪ್ಯಾರಿಸ್ ಆಸ್ಪತ್ರೆಗಳಿಗೂ ಹೋಗಿ ಕಲಿತುಬಂದ. ಹೆಸರು ಬಂದಿತು, ಪುಸ್ತಕಗಳೂ ಜನಪ್ರಿಯವಾದುವು. ಆದರೆ ಮನಸ್ಸಿನಲ್ಲಿ ಒಂದು ಮುಳ್ಳು ಉಳಿಯಿತು. ಮಗುವಿನ ಕೆಮ್ಮನ್ನು ವಾಸಿಮಾಡಿ ಕಳುಹಿಸಿದರೆ ಅದು ಮತ್ತೆ ಹೋಗುವುದು ಅದೇ ಕತ್ತಲೆಯ ಕೋಣೆಗೆ, ಅದೇ ಹಸಿವಿಗೆ, ಅದೇ ಏಟಿಗೆ. ಔಷಧಿಯಿಂದ ಆಗದ ಕೆಲಸ ಬೇರೊಂದಿದೆ ಎನ್ನಿಸಿತು. ಮದುವೆಯಾಗಲಿಲ್ಲ, ಸ್ವಂತ ಸಂಸಾರ ಬೇಡವೆಂದು ನಿಶ್ಚಯಿಸಿದ. ೧೯೧೨ರಲ್ಲಿ ಕ್ರೊಖ್ಮಾಲ್ನಾ ಬೀದಿಯಲ್ಲಿ ಯಹೂದಿ ಅನಾಥ ಮಕ್ಕಳಿಗಾಗಿ ಹೊಸ ಕಟ್ಟಡವೆದ್ದಾಗ ಅದರ ಮುಖ್ಯಸ್ಥನಾದ. ಮನೆಯ ಆಡಳಿತದ ಭಾರವನ್ನು ಹೊತ್ತ ಸ್ಟೆಫಾನಿಯಾ ವಿಲ್ಚಿನ್ಸ್ಕಾ ಎಂಬ ಮಹಿಳೆ ಕಡೆಯ ದಿನದವರೆಗೂ ಆತನ ಸಹೋದ್ಯೋಗಿ. ಹೆಸರು ಆತನಿಗೆ ಬಂದರೂ ಮನೆ ನಿಂತದ್ದು ಆಕೆಯಿಂದ. ಮಕ್ಕಳಿಗೆ ಆಕೆ ಸ್ಟೆಫಾ.

ಹೊಸ ಮನೆಗೆ ಬಂದವರು ಸುಮಾರು ನೂರು ಮಕ್ಕಳು. ಹಲವರಿಗೆ ಮನೆಯಲ್ಲಿ ಯಿಡ್ಡಿಶ್ ಭಾಷೆ, ಹೊರಗೆ ಪೋಲಿಷ್. ಬೀದಿಯ ನಡತೆ, ಬೀದಿಯ ಬೈಗುಳ, ಬೀದಿಯ ಎಚ್ಚರ. ಬಿಸಿನೀರು, ವಿದ್ಯುದ್ದೀಪ, ದೊಡ್ಡ ಊಟದ ಮನೆ ಇವುಗಳನ್ನು ಕಂಡರೆ ಮಕ್ಕಳು ಹಿಗ್ಗಿಯಾರೆಂದು ದೊಡ್ಡವರು ತಿಳಿದಿದ್ದರು. ಆದುದು ವಿಪರೀತ. ಹಳೆಯ ಮುರುಕು ಮನೆಯಲ್ಲಿ ತಮ್ಮದೇ ಆದ ನಾಯಕರು, ತಮ್ಮದೇ ಆದ ಮೂಲೆಗಳು ಇದ್ದ ಆ ಮಕ್ಕಳಿಗೆ ಹೊಸ ಮನೆಯ ನಿಯಮಗಳು ಸೆರೆಯಂತೆ ಕಂಡುವು. ಗುಟ್ಟಾಗಿ ಒಂದಾಗಿ ಎದುರುಬಿದ್ದರು. ಆ ಮೊದಲ ವರ್ಷದಷ್ಟು ಕಠಿಣವಾದ ಕಾಲ ಬೇರೆ ಇರಲಿಲ್ಲವೆಂದು ಕೋರ್ಚಾಕ್ ಮುಂದೆ ನೆನೆಯುತ್ತಿದ್ದ.

ಬೇರೊಬ್ಬನಾಗಿದ್ದರೆ ಬೆತ್ತವನ್ನು ತರಿಸುತ್ತಿದ್ದ. ಇಲ್ಲವೆ, ಈ ಮಕ್ಕಳು ಉದ್ಧಾರವಾಗುವವರಲ್ಲವೆಂದು ಕೈಬಿಡುತ್ತಿದ್ದ. ಕೋರ್ಚಾಕ್ ವೈದ್ಯನಾಗಿದ್ದುದು ಇಲ್ಲಿ ಸಹಾಯಕ್ಕೆ ಬಂದಿತು. ಜ್ವರ ಬಂದ ಮಗುವಿನ ಮೇಲೆ ಯಾವ ವೈದ್ಯನೂ ಸಿಟ್ಟಾಗುವುದಿಲ್ಲ. ಜ್ವರ ಏಕೆ ಬಂದಿತೆಂದು ಹುಡುಕುತ್ತಾನೆ. ಸುಳ್ಳು, ಹಟ, ಬಡಿದಾಟಗಳೂ ಆತನ ಕಣ್ಣಿಗೆ ಹಾಗೆಯೇ, ಒಳಗಿನ ಯಾವುದೋ ನೋವಿನ ಗುರುತುಗಳು. ಆದುದರಿಂದ ಆತ ನೋಡತೊಡಗಿದ. ವಾರವಾರವೂ ಮಕ್ಕಳನ್ನು ತಾನೇ ತೂಗಿ ಬರೆದಿಟ್ಟ. ರಾತ್ರಿ ಮಕ್ಕಳು ಮಲಗಿರುವಾಗ ಹಾಸಿಗೆಗಳ ನಡುವೆ ನಡೆದು, ಯಾರಿಗೆ ನಿದ್ರೆ ಬರಲಿಲ್ಲ, ಯಾರು ಕನಸಿನಲ್ಲಿ ಅತ್ತರು ಎಂದು ಗಮನಿಸಿದ. ಊಟವಾದ ಮೇಲೆ ತಟ್ಟೆಗಳನ್ನು ಎತ್ತುವ ಕೆಲಸವನ್ನು ತಾನೇ ಮಾಡುತ್ತಿದ್ದ. ಇಷ್ಟು ದೊಡ್ಡ ವೈದ್ಯ ಎಂಜಲು ತಟ್ಟೆ ಎತ್ತುವುದೇ ಎಂದು ಬಂದವರು ಬೆರಗಾದರೆ, ಆತನಿಗೆ ಅದರಿಂದ ಯಾರು ಉಣ್ಣಲಿಲ್ಲ, ಯಾರು ಯಾರೊಡನೆ ಮಾತು ಬಿಟ್ಟರು ಎಂಬುದೆಲ್ಲ ತಿಳಿಯುತ್ತಿತ್ತು.

ಹೀಗೆ ನೋಡಿ ನೋಡಿ ಮನೆಯಲ್ಲಿ ಕೆಲವು ಏರ್ಪಾಡುಗಳನ್ನು ಮಾಡಿದ. ಹೇಳಿದರೆ ಅವು ಸಣ್ಣವೆಂದು ಕಾಣುತ್ತವೆ. ಗೋಡೆಯ ಮೇಲೊಂದು ಅಂಚೆಪೆಟ್ಟಿಗೆ. ಹೇಳಬೇಕಾದ ದೂರನ್ನು, ಕೇಳಬೇಕಾದ ಪ್ರಶ್ನೆಯನ್ನು ಮಗು ಬರೆದು ಅದರಲ್ಲಿ ಹಾಕಬೇಕು, ಉತ್ತರ ನಾಳೆ. ಸಿಟ್ಟಿನ ಮಾತು ಕಾಗದಕ್ಕೆ ಇಳಿಯುವಷ್ಟರಲ್ಲಿ ಅರ್ಧ ಆರುತ್ತಿತ್ತು. ಕಳೆದುಹೋದ ವಸ್ತುಗಳಿಗಾಗಿ ಗಾಜಿನ ಬೀರು. ಒಂದು ಗುಂಡಿ, ತುಂಡು ದಾರ, ಬಣ್ಣದ ಚಿಂದಿ, ಇವೆಲ್ಲ ದೊಡ್ಡವರಿಗೆ ಕಸ. ಅನಾಥ ಮಗುವಿಗೆ ಅದೇ ಆಸ್ತಿ. ಆ ಆಸ್ತಿಗೆ ಮನೆಯಲ್ಲಿ ಮರ್ಯಾದೆ ಉಂಟೆಂದು ಕಂಡ ಮಗುವಿಗೆ ಇತರರ ವಸ್ತುವಿನ ಮೇಲೂ ಮರ್ಯಾದೆ ಹುಟ್ಟುತ್ತದೆ. ಹೊಸದಾಗಿ ಬಂದ ಮಗುವಿಗೆ ಮೊದಲ ಮೂರು ತಿಂಗಳು ದೊಡ್ಡ ಮಗುವೊಂದು ಪೋಷಕ. ಆ ಪುಟ್ಟ ಪೋಷಕ ದಿನಚರಿಯಲ್ಲಿ ಬರೆದುಕೊಂಡದ್ದನ್ನು ವೈದ್ಯ ಓದಿ, ಅಂಚಿನಲ್ಲಿ ತನ್ನ ಸಲಹೆಯನ್ನು ಬರೆಯುತ್ತಿದ್ದ.

ಎಲ್ಲಕ್ಕಿಂತ ಸ್ವಾರಸ್ಯವಾದದ್ದು ಆತ ಮಕ್ಕಳೊಡನೆ ಕಟ್ಟುತ್ತಿದ್ದ ಪಂಥ. ದಿನವೂ ಬಡಿದಾಡುವ ಹುಡುಗ ಬಂದು, ಇನ್ನು ಮೇಲೆ ಬಡಿದಾಡುವುದಿಲ್ಲವೆಂದು ಪಂಥ ಕಟ್ಟುವೆನೆಂದರೆ ಕೋರ್ಚಾಕ್ ಒಪ್ಪುತ್ತಿರಲಿಲ್ಲ. ಅದು ಆಗದ ಮಾತು, ಸೋತುಹೋಗುವೆ, ಮೊದಲು ವಾರಕ್ಕೆ ಇಷ್ಟು ಜಗಳ ಎಂದು ಗೊತ್ತುಮಾಡು ಎನ್ನುತ್ತಿದ್ದ. ವಾರ ಕಳೆದ ಮೇಲೆ ಹುಡುಗ ಬಂದು ಗೆದ್ದೆನೋ ಸೋತೆನೋ ತಾನೇ ಹೇಳಬೇಕು. ಸಾಕ್ಷಿ ಇಲ್ಲ, ವಿಚಾರಣೆ ಇಲ್ಲ, ಹುಡುಗನ ಮಾತೇ ಪ್ರಮಾಣ. ಗೆದ್ದರೆ ಮಿಠಾಯಿ. ಬೈಗುಳಕ್ಕೂ, ಸೋಮಾರಿತನಕ್ಕೂ, ಸುಳ್ಳಿಗೂ ಹೀಗೆಯೇ ಪಂಥ. ಕೆಟ್ಟ ಚಾಳಿ ಒಂದೇ ದಿನಕ್ಕೆ ಬಿಡುವಂಥದಲ್ಲವೆಂಬುದನ್ನು ದೊಡ್ಡವರು ತಮ್ಮ ನಸ್ಯ ಬೀಡಿಗಳ ವಿಷಯದಲ್ಲಿ ಚೆನ್ನಾಗಿ ಬಲ್ಲರು. ಮಕ್ಕಳ ವಿಷಯದಲ್ಲಿ ಮರೆಯುತ್ತಾರೆ. ಕೋರ್ಚಾಕ್ ಮರೆಯಲಿಲ್ಲ.

ಇನ್ನು ಆ ನ್ಯಾಯಾಲಯ. ಯಾವ ಮಗು ಯಾರ ಮೇಲಾದರೂ ದೂರು ಕೊಡಬಹುದು. ಉಪಾಧ್ಯಾಯರ ಮೇಲೂ ಕೊಡಬಹುದು. ಆ ವಾರ ತಮ್ಮ ಮೇಲೆ ಯಾವ ದೂರೂ ಇಲ್ಲದ ಮಕ್ಕಳ ಹೆಸರುಗಳಲ್ಲಿ ಚೀಟಿ ಎತ್ತಿ ಐವರನ್ನು ನ್ಯಾಯಾಧೀಶರಾಗಿ ಆರಿಸುತ್ತಿದ್ದರು. ದೊಡ್ಡವರೊಬ್ಬರು ಕಾರ್ಯದರ್ಶಿಯಾಗಿ ಬರೆದುಕೊಳ್ಳಬೇಕು. ತೀರ್ಪಿನಲ್ಲಿ ಅವರಿಗೆ ಮತವಿಲ್ಲ. ಕೋರ್ಚಾಕನೇ ಬರೆದ ಕಾಯಿದೆ ಪುಸ್ತಕದಲ್ಲಿ ಮೊದಲ ತೊಂಬತ್ತೊಂಬತ್ತು ಕಲಮುಗಳು ಬಿಡುಗಡೆಯವು, ಇಲ್ಲವೆ ಕ್ಷಮೆಯವು. ತಿಳಿಯದೆ ಮಾಡಿದನೆಂದು ಒಂದು, ಪಶ್ಚಾತ್ತಾಪಪಟ್ಟಿದ್ದಾನೆಂದು ಒಂದು, ಹೀಗೆ ಮಗುವಿನ ತಪ್ಪಿಗೆ ಎಷ್ಟು ಬಗೆಯ ಕಾರಣಗಳುಂಟೋ ಅಷ್ಟು ಬಗೆಯ ಕ್ಷಮೆಗೆ ಅಲ್ಲಿ ಎಡೆಯಿತ್ತು. ನೂರರಿಂದ ಮುಂದೆ ನೂರು ನೂರಾಗಿ ಏರುತ್ತ ಸಾವಿರದವರೆಗೆ ಹೋಗುವ ಕಲಮುಗಳು ತಪ್ಪೆಂದು ಸಾರುವಂಥವು. ತಪ್ಪು ಮಾಡಿದನೆಂದು ಹೇಳುವುದು, ಹಲಗೆಯ ಮೇಲೆ ಹೆಸರು ಹಾಕುವುದು, ಮನೆಯವರಿಗೆ ತಿಳಿಸುವುದು, ಇವೇ ಬಹುಪಾಲು ಶಿಕ್ಷೆಗಳು. ಏಟು ಎಲ್ಲಿಯೂ ಇಲ್ಲ. ಒಂಬೈನೂರನೆಯ ಕಲಮು ಬಿದ್ದರೆ ಆ ಮಗುವಿನ ಹೊಣೆಯನ್ನು ಹೊರಲು ಮನೆಯಲ್ಲಿ ಯಾರಾದರೂ ಮುಂದೆ ಬರಬೇಕು. ಸಾವಿರನೆಯದು ಮನೆಯಿಂದ ಹೊರಕ್ಕೆ. ಅದಕ್ಕೂ ಮೂರು ತಿಂಗಳಾದ ಮೇಲೆ ಮತ್ತೆ ಸೇರಿಸಿಕೊಳ್ಳಿರೆಂದು ಬೇಡುವ ಬಾಗಿಲು ತೆರೆದಿತ್ತು.

ಇದು ಸುಲಭವಾಗಿ ನಡೆಯಿತೆಂದು ಯಾರೂ ತಿಳಿಯಬಾರದು. ಮೊದಮೊದಲು ಮಕ್ಕಳು ನ್ಯಾಯಾಲಯವನ್ನು ಹಾಸ್ಯ ಮಾಡಿದರು. ಕ್ಷಮೆ ಸುಲಭವಾಗಿ ಸಿಗುವುದೆಂದು ಪುಂಡರು ಮೆರೆದರು. ಸಲ್ಲದ ದೂರುಗಳು ರಾಶಿ ಬಿದ್ದುವು. ಕೋರ್ಚಾಕ್ ಕೆಲವು ವಾರ ನ್ಯಾಯಾಲಯವನ್ನೇ ನಿಲ್ಲಿಸಬೇಕಾಯಿತು. ಕೊರತೆಗಳನ್ನು ತಿದ್ದಿ ಮತ್ತೆ ತೆರೆದ. ಅರ್ಧ ವರ್ಷದೊಳಗೆ ಐದು ಸಲ ತಾನೇ ಆರೋಪಿಯಾದ. ಕಿವಿಗೆ ಹೊಡೆದದ್ದು, ಒಬ್ಬನನ್ನು ಮಲಗುವ ಮನೆಯಿಂದ ಹೊರಗೆ ಹಾಕಿದ್ದು, ಮತ್ತೊಬ್ಬನನ್ನು ಮೂಲೆಯಲ್ಲಿ ನಿಲ್ಲಿಸಿದ್ದು, ನ್ಯಾಯಾಧೀಶರಲ್ಲೊಬ್ಬರನ್ನು ಅವಮಾನಿಸಿದ್ದು, ಹುಡುಗಿಯೊಬ್ಬಳ ಮೇಲೆ ಕಳ್ಳತನದ ಸಂದೇಹ ಪಟ್ಟದ್ದು. ಅದೆಷ್ಟೋ ಪುಸ್ತಕಗಳು ಕಲಿಸದುದನ್ನು ಈ ಐದು ಮೊಕದ್ದಮೆಗಳು ತನಗೆ ಕಲಿಸಿದುವೆಂಬುದು ಆತನ ಅಭಿಪ್ರಾಯ. ಮಕ್ಕಳ ಬಗ್ಗೆ ಇಷ್ಟು ತಿಳಿದವನಿಗೂ ಕೈ ಮೀರಿದ ಗಳಿಗೆಗಳು ಬಂದುವು ಎಂಬುದನ್ನು ನಾವು ಮರೆಯಬಾರದು. ಸಿಟ್ಟು ಬಾರದವನೆಂಬುದು ಆತನ ಹಿರಿಮೆಯಲ್ಲ. ಸಿಟ್ಟು ಬಂದು ತಪ್ಪಿದಾಗ ಅದನ್ನು ಒಪ್ಪಿಕೊಳ್ಳಲು ಮಕ್ಕಳೆದುರಿಗೆ ಒಂದು ಸ್ಥಳವನ್ನು ಕಟ್ಟಿಕೊಂಡನೆಂಬುದೇ ಹಿರಿಮೆ.

ಮೊದಲ ಮಹಾಯುದ್ಧದಲ್ಲಿ ಕೋರ್ಚಾಕ್ ಮತ್ತೆ ಸೈನ್ಯದ ವೈದ್ಯನಾಗಿ ಹೋದ. ಗುಂಡಿನ ಸದ್ದಿನ ನಡುವೆ, ಮಗುವನ್ನು ಪ್ರೀತಿಸುವುದು ಹೇಗೆಂಬ ಪುಸ್ತಕವನ್ನು ಬರೆದ. ೧೯೧೯ರಲ್ಲಿ ಮರೀನಾ ಫಾಲ್ಸ್ಕಾ ಎಂಬಾಕೆಯೊಡನೆ ಪೋಲಿಷ್ ಮಕ್ಕಳ ಮತ್ತೊಂದು ಅನಾಥಾಲಯಕ್ಕೂ ಕೈಕೊಟ್ಟ. ೧೯೨೦ರಲ್ಲಿ ಆತನಿಗೆ ವಿಷಮಜ್ವರ ಬಂದಿತು. ಶುಶ್ರೂಷೆ ಮಾಡಿದ ತಾಯಿಗೆ ಅದೇ ಜ್ವರ ತಗಲಿ ಆಕೆ ತೀರಿಹೋದಳು. ಈ ದುಃಖ ಆತನನ್ನು ಬಿಡಲಿಲ್ಲ. ಆದರೂ ಅದರ ಬೆನ್ನಿಗೇ ಮಕ್ಕಳಿಗಾಗಿ ಬರೆದದ್ದು ಮತ್ಯೂಷ್ ಎಂಬ ಬಾಲರಾಜನ ಕಥೆ. ಇಂದಿಗೂ ಹಲವು ಭಾಷೆಗಳಲ್ಲಿ ಮಕ್ಕಳು ಅದನ್ನು ಓದುತ್ತಾರೆ. ೧೯೨೬ರಲ್ಲಿ ಮಕ್ಕಳೇ ಬರೆಯುವ ವಾರಪತ್ರಿಕೆಯೊಂದನ್ನು ಆರಂಭಿಸಿದ. ೧೯೩೦ರ ದಶಕದಲ್ಲಿ ಪೋಲೆಂಡಿನ ರೇಡಿಯೋದಲ್ಲಿ ಮುದುಕ ಡಾಕ್ಟರೆಂಬ ಹೆಸರಿನಿಂದ ಮಾತನಾಡುತ್ತಿದ್ದಾಗ ಮನೆಮನೆಯವರೂ ಕಿವಿಗೊಟ್ಟು ಕೇಳುತ್ತಿದ್ದರು. ಯಹೂದಿದ್ವೇಷ ಬೆಳೆದಂತೆ ಆ ಕಾರ್ಯಕ್ರಮವೂ ನಿಂತುಹೋಯಿತು.

ಉಪಾಧ್ಯಾಯರಾಗುವವರಿಗೆ ಆತ ಕೊಟ್ಟ ಒಂದು ಪಾಠವನ್ನು ಶಿಷ್ಯರು ಬಹುಕಾಲ ನೆನೆಯುತ್ತಿದ್ದರು. ಪಾಠವೆಂದು ಕರೆದು ಎಲ್ಲರನ್ನೂ ಆಸ್ಪತ್ರೆಯ ಎಕ್ಸ್‌ರೇ ಕೋಣೆಗೆ ಬರಹೇಳಿದ. ಪುಟ್ಟ ಹುಡುಗನೊಬ್ಬನ ಕೈಹಿಡಿದು ತಂದು ಯಂತ್ರದ ಹಿಂದೆ ನಿಲ್ಲಿಸಿದ. ದೀಪ ಆರಿತು. ಕತ್ತಲೆ, ಹೊಸ ಜಾಗ, ಗುರುತಿಲ್ಲದ ಮುಖಗಳು. ಪರದೆಯ ಮೇಲೆ ಆ ಮಗುವಿನ ಎದೆ ಹಕ್ಕಿಯಂತೆ ಪಟಪಟನೆ ಬಡಿದುಕೊಳ್ಳುತ್ತಿದ್ದುದನ್ನು ಎಲ್ಲರೂ ಕಂಡರು. ಮಗುವಿನ ಮೇಲೆ ಕೈಯೆತ್ತುವಾಗ, ಕೂಗಾಡುವಾಗ ಒಳಗೆ ನಡೆಯುವುದು ಇದು, ನೆನಪಿಟ್ಟುಕೊಳ್ಳಿರೆಂದು ಹೇಳಿ ಆತ ಪಾಠವನ್ನು ಮುಗಿಸಿದ. ಬೇರೆ ವ್ಯಾಖ್ಯಾನ ಬೇಕಾಗಲಿಲ್ಲ.

೧೯೩೯ರ ಸೆಪ್ಟೆಂಬರಿನಲ್ಲಿ ಹಿಟ್ಲರನ ಸೈನ್ಯ ಪೋಲೆಂಡಿಗೆ ನುಗ್ಗಿತು. ೧೯೪೦ರಲ್ಲಿ ವಾರ್ಸಾದ ಯಹೂದಿಗಳನ್ನೆಲ್ಲ ಗೋಡೆ ಕಟ್ಟಿದ ಒಂದು ಕೇರಿಗೆ ತಳ್ಳಿದರು. ಕ್ರೊಖ್ಮಾಲ್ನಾ ಬೀದಿಯ ಮನೆ ಆ ಗೋಡೆಯ ಹೊರಗಾಯಿತು. ಮಕ್ಕಳು ಅದನ್ನು ಬಿಟ್ಟು ಒಳಗೆ ಹೋಗಬೇಕಾಯಿತು. ಸಾಗಿಸುವಾಗ ಮಕ್ಕಳ ಆಲೂಗಡ್ಡೆಯ ಗಾಡಿಯನ್ನು ಜರ್ಮನರು ಕಸಿದುಕೊಂಡರು. ಕೋರ್ಚಾಕ್ ತನ್ನ ಹಳೆಯ ಪೋಲಿಷ್ ಸೈನ್ಯದ ಸಮವಸ್ತ್ರದಲ್ಲಿಯೇ, ಯಹೂದಿಗಳು ಕಡ್ಡಾಯವಾಗಿ ಧರಿಸಬೇಕಾಗಿದ್ದ ತೋಳುಪಟ್ಟಿಯಿಲ್ಲದೆ, ಅಧಿಕಾರಿಗಳ ಬಳಿಗೆ ಹೋಗಿ ಆಲೂಗಡ್ಡೆಯನ್ನು ಕೇಳಿದ. ಏಟು ತಿಂದ; ಸೆರೆಮನೆ ಸೇರಿದ. ಹಳೆಯ ವಿದ್ಯಾರ್ಥಿಗಳು ಹಣ ತೆತ್ತು ಬಿಡಿಸಿಕೊಂಡು ಬಂದಾಗ ಮುದುಕನ ಆರೋಗ್ಯ ಕುಗ್ಗಿಹೋಗಿತ್ತು. ಆದರೂ ಮಕ್ಕಳ ಸಂಖ್ಯೆ ಇನ್ನೂರಕ್ಕೆ ಮುಟ್ಟಿದಾಗ, ದಿನಬೆಳಗಾದರೆ ಚೀಲ ಹಿಡಿದು ಮನೆಮನೆಗೂ ಸಂಸ್ಥೆಸಂಸ್ಥೆಗೂ ಅಲೆದು ಅವರಿಗಾಗಿ ಬೇಡಿ ತಂದ.

ಹಸಿವು ಮನುಷ್ಯರನ್ನು ಮೃಗ ಮಾಡುತ್ತಿದ್ದ ಆ ಕೇರಿಯಲ್ಲಿಯೂ ಮಕ್ಕಳಿಗೆ ಪಾಠವಿತ್ತು, ಕೆಲಸದ ಸರದಿಯಿತ್ತು, ವಾರದ ತೂಕವಿತ್ತು. ನಾಳೆ ಏನಾಗುವುದೋ ತಿಳಿಯದ ಮಗುವಿಗೆ ಇಂದು ಇಷ್ಟು ಹೊತ್ತಿಗೆ ಇದು ನಡೆಯುವುದೆಂಬ ನಂಬಿಕೆಯಾದರೂ ಇರಬೇಕೆಂಬುದು, ಆ ಬೇಸಗೆಯ ಶಿಬಿರದಲ್ಲಿ ಕಲಿತ ಪಾಠ, ಇಲ್ಲಿ ಕೊನೆಯ ಪರೀಕ್ಷೆಗೆ ಬಂದಿತು. ೧೯೪೨ರ ಜುಲೈ ೧೮ರಂದು ಮಕ್ಕಳು ಒಂದು ನಾಟಕವನ್ನಾಡಿದರು. ಅದು ನಮ್ಮ ರವೀಂದ್ರನಾಥ ಠಾಕೂರರ ಡಾಕ್‌ಘರ್. ರೋಗದಿಂದ ಕೋಣೆಯಲ್ಲಿ ಸೆರೆಯಾದ ಅಮಲನೆಂಬ ಬಾಲಕ ಕಿಟಕಿಯ ಬಳಿ ಕುಳಿತು ದಾರಿಹೋಕರೊಡನೆ ಮಾತನಾಡುತ್ತ, ರಾಜನ ಕಾಗದಕ್ಕಾಗಿ ಕಾಯುತ್ತ, ಶಾಂತವಾಗಿ ಕಣ್ಣು ಮುಚ್ಚುವ ಕಥೆ. ಬಂಗಾಳದಲ್ಲಿ ಹುಟ್ಟಿದ ಆ ನಾಟಕ ಗೋಡೆಗಳೊಳಗೆ ಸೆರೆಯಾಗಿದ್ದ ವಾರ್ಸಾದ ಮಕ್ಕಳಿಗೆ ತಮ್ಮದೇ ಕಥೆಯಾಯಿತು. ಠಾಕೂರರು ತೀರಿಕೊಂಡು ಆಗ ಇನ್ನೂ ವರ್ಷ ತುಂಬಿರಲಿಲ್ಲ.

ನಾಟಕವಾದ ನಾಲ್ಕನೆಯ ದಿನ, ಜುಲೈ ೨೨ರಿಂದ, ಕೇರಿಯ ಜನರನ್ನು ರೈಲು ತುಂಬಿ ಟ್ರೆಬ್ಲಿಂಕಾ ಎಂಬ ಕೊಲೆಯ ತಾಣಕ್ಕೆ ಸಾಗಿಸುವುದು ಮೊದಲಾಯಿತು. ಕೋರ್ಚಾಕನನ್ನು ಗೋಡೆಯ ಹೊರಗೆ ಬಚ್ಚಿಡಲು ಸ್ನೇಹಿತರು ಸಿದ್ಧರಾಗಿದ್ದರು. ಸುಳ್ಳು ಕಾಗದಪತ್ರಗಳ ಏರ್ಪಾಡೂ ಆಗಿತ್ತು. ಆತ ಒಪ್ಪಲಿಲ್ಲ. ಇಂಥ ಹೊತ್ತಿನಲ್ಲಿ ಮಕ್ಕಳನ್ನು ಒಂಟಿಯಾಗಿ ಬಿಡುವ ಮಾತೇ ಆತನಿಗೆ ಅರ್ಥವಾಗುವಂತಿರಲಿಲ್ಲ. ಆಗಸ್ಟ್ ಮೊದಲ ವಾರದ ಒಂದು ಬೆಳಗ್ಗೆ ಅನಾಥಾಲಯದ ಸರದಿ ಬಂದಿತು. ಸುಮಾರು ಇನ್ನೂರು ಮಕ್ಕಳು ಸಾಲಾಗಿ ಬೀದಿಯಲ್ಲಿ ನಡೆದರು. ಜೊತೆಯಲ್ಲಿ ಕೋರ್ಚಾಕ್, ಸ್ಟೆಫಾ, ಮನೆಯ ಇತರ ಉಪಾಧ್ಯಾಯರು. ಆ ನಡಿಗೆಯನ್ನು ಕಂಡು ಬದುಕಿ ಉಳಿದ ಕೆಲವರು ಅದನ್ನು ಬರೆದಿಟ್ಟಿದ್ದಾರೆ. ಟ್ರೆಬ್ಲಿಂಕಾಕ್ಕೆ ಹೋದ ಆ ರೈಲಿನಿಂದ ಆ ಮಕ್ಕಳಾಗಲಿ ಅವರ ವೈದ್ಯನಾಗಲಿ ಹಿಂದಿರುಗಲಿಲ್ಲ. ಈಗ ಅಲ್ಲಿ ಸಾವಿರಾರು ಕಲ್ಲುಗಳನ್ನು ನೆಟ್ಟ ಸ್ಮಾರಕವಿದೆ. ವ್ಯಕ್ತಿಯ ಹೆಸರನ್ನು ಹೊತ್ತ ಕಲ್ಲು ಅವುಗಳಲ್ಲಿ ಒಂದೇ. ಅದರ ಮೇಲಿರುವುದು ಕೋರ್ಚಾಕನ ಹೆಸರು, ಜೊತೆಗೆ ಆತನ ಮಕ್ಕಳ ನೆನಪು.

ಮಗು ಮುಂದೆಂದೋ ಮನುಷ್ಯನಾಗುವ ಪ್ರಾಣಿಯಲ್ಲ, ಇಂದೇ ಮನುಷ್ಯ. ಅದಕ್ಕೆ ಮರ್ಯಾದೆಯ ಹಕ್ಕು ಉಂಟು ಎಂದು ಕೋರ್ಚಾಕ್ ಬಾಳೆಲ್ಲ ವಾದಿಸಿದ. ೧೯೭೮ರಲ್ಲಿ ಮಕ್ಕಳ ಹಕ್ಕುಗಳ ಒಡಂಬಡಿಕೆಯೊಂದು ಬೇಕೆಂದು ವಿಶ್ವಸಂಸ್ಥೆಯ ಮುಂದೆ ಪ್ರಸ್ತಾಪ ತಂದುದು ಆತನ ಪೋಲೆಂಡ್ ದೇಶವೇ. ೧೯೮೯ರ ನವೆಂಬರಿನಲ್ಲಿ ಅದು ಅಂಗೀಕಾರವಾಯಿತು; ೧೯೯೨ರಲ್ಲಿ ಭಾರತವೂ ಒಪ್ಪಿತು. ೨೦೦೯ರ ಶಿಕ್ಷಣದ ಹಕ್ಕಿನ ಕಾಯಿದೆ ನಮ್ಮ ಶಾಲೆಗಳಲ್ಲಿ ಮಕ್ಕಳನ್ನು ಹೊಡೆಯುವುದನ್ನೂ ಮಾನಸಿಕವಾಗಿ ಹಿಂಸಿಸುವುದನ್ನೂ ನಿಷೇಧಿಸಿದೆ.

ಕಾಯಿದೆ ಶಾಲೆಯ ಬಾಗಿಲವರೆಗೆ ಬರಬಹುದು. ಮನೆಯ ಹೊಸ್ತಿಲನ್ನು ದಾಟಿಸಬೇಕಾದವರು ನಾವು. ಊರು ಬಿಟ್ಟು ಬಂದ ನಮ್ಮ ಮನೆಗಳಲ್ಲಿ ಮಗುವಿಗೆ ಕಥೆ ಹೇಳುವ ಅಜ್ಜಿ ಹಲವೆಡೆ ಇಲ್ಲ, ಓಡಾಡಲು ಹಿತ್ತಿಲಿಲ್ಲ. ಮನೆಯಲ್ಲೊಂದು ಮಾತು, ಮೆಟ್ಟಲಿಳಿದರೆ ಇನ್ನೊಂದು, ಶಾಲೆಯಲ್ಲಿ ಮತ್ತೊಂದು. ಸಂಜೆ ದಣಿದು ಬಂದ ತಂದೆತಾಯಿಗಳಿಗೆ ಮಗುವಿನ ಹಟ ಹಟವೆಂದೇ ಕಾಣುತ್ತದೆ. ದೂರುಪೆಟ್ಟಿಗೆ ಕಾಣದ ಮಗು ತನ್ನ ದೂರನ್ನು ತಟ್ಟೆ ಎಸೆದು ಹೇಳುತ್ತಿರಬಹುದು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ನಾವು ಗಾದೆ ಹೇಳುತ್ತೇವೆ. ಮಾತು ಸುಳ್ಳಲ್ಲ. ಆದರೆ ಎಳೆಯ ಗಿಡವನ್ನು ಎಳೆದು ಬಗ್ಗಿಸಿದರೆ ಮುರಿಯುವುದೂ ಉಂಟು. ನೀರು ಬೆಳಕು ಯಾವ ಕಡೆಯಿಂದ ಬಂದರೆ ಅದು ತಾನಾಗಿ ಅತ್ತ ಬಾಗುವುದೆಂದು ನೋಡುವವನೇ ತೋಟಗಾರ.

ಕೋರ್ಚಾಕ್ ನಮ್ಮಿಂದ ಕೇಳುವುದು ಹೆಚ್ಚೇನಲ್ಲ. ಕೈಯೆತ್ತುವ ಮುಂಚೆ ಆ ಪುಟ್ಟ ಎದೆಯ ಬಡಿತವನ್ನು ನೆನೆಯಬೇಕು. ಒಂದೇ ದಿನಕ್ಕೆ ಎಲ್ಲ ಸರಿಹೋಗಬೇಕೆಂದು ಬಯಸದೆ, ಈ ವಾರಕ್ಕೆ ಇಷ್ಟು ಎಂದು ಮಗುವಿನೊಡನೆ ಪಂಥ ಕಟ್ಟಬೇಕು. ಮತ್ತು ನಮ್ಮಿಂದ ತಪ್ಪಾದಾಗ, ಮಗು ಚಿಕ್ಕದೆಂದು ಮರೆಮಾಚದೆ, ಅದರ ಮುಂದೆ ನಿಂತು ತಪ್ಪಾಯಿತೆಂದು ಹೇಳಬೇಕು. ಮೊದಲ ತೊಂಬತ್ತೊಂಬತ್ತು ಕಲಮುಗಳಲ್ಲಿ ಯಾವುದೋ ಒಂದರಲ್ಲಿ ಅದು ನಮ್ಮನ್ನೂ ಕ್ಷಮಿಸೀತು.